ವಿಯೆನ್ನಾದ ಗ್ರಿಂಜಿಂಗ್‌ಗೆ ಹೋಗಬೇಕಾ, ಬೇಡವಾ?

ಅಲೆಮಾರಿ:
ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ವಿಯೆನ್ನಾಗೆ ಹೋಗುತ್ತಿದ್ದೇನೆ. ಒಂದು ಸಂಜೆ ಮಾತ್ರ ಬಿಡುವು. ಊರಂಚಲ್ಲಿ ಗ್ರಿಂಜಿಂಗ್ ಅಂತ ಹಳೇ ದ್ರಾಕ್ಷಿ ತೋಟಗಳ ಹಳ್ಳಿ ಇದೆಯಂತೆ, ತೋಟದವರೇ ಮನೆಯಂಗಳದಲ್ಲಿ ವೈನ್ ಮಾರುತ್ತಾರಂತೆ. ನಿಜಕ್ಕೂ ಚೆನ್ನಾಗಿದೆಯಾ, ಅಥವಾ ಸುಮ್ನೆ ಟೂರಿಸ್ಟ್‌ಗಳಿಗೆ ಹಾಕಿದ ಸೆಟ್ಟಾ? ಜೊತೆಗೆ ಬರುವ ಗೆಳೆಯ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಟ್ರಾಮ್ ಪ್ರಯಾಣಿಕ:
ಎರಡೂ ಹೌದು. ಗ್ರಿಂಜಿಂಗ್ 1892ರಲ್ಲೇ ಊರಿಗೆ ಸೇರಿಹೋಯಿತು, ಷಾಟೆನ್‌ಟೋರ್‌ನಲ್ಲಿ 38ನೇ ನಂಬರ್ ಟ್ರಾಮ್ ಹತ್ತಿದರೆ ಕೊನೇ ಸ್ಟಾಪೇ ಅದು. ಇಳಿದ ತಕ್ಷಣ ಸಿಗುವ ದೊಡ್ಡ ಜಾಗಗಳಲ್ಲಿ ಬಸ್ಸುಗಟ್ಟಲೆ ಜನ, ಅಕಾರ್ಡಿಯನ್ ಗಲಾಟೆ. ಅಲ್ಲಿ ಕೂರಬೇಡಿ. ಗಲ್ಲಿಗಳಲ್ಲಿ ಮೇಲಕ್ಕೆ ನಡೆಯಿರಿ, ಬಾಗಿಲ ಮೇಲೆ ಪೈನ್ ರೆಂಬೆಯ ಕಟ್ಟು ನೇತಾಡುತ್ತಿದ್ದರೆ ಇವತ್ತು ಮಾರಾಟ ಇದೆ ಅಂತ. ಚಕ್ರವರ್ತಿ ಎರಡನೇ ಜೋಸೆಫ್ 1784ರಲ್ಲಿ ಬೆಳೆಗಾರರಿಗೆ ಸ್ವಂತ ವೈನನ್ನು ಮನೆಯಲ್ಲೇ ಮಾರಲು ಅನುಮತಿ ಕೊಟ್ಟ, ಈ ಪದ್ಧತಿಗೆ ಬಲ ಬಂದದ್ದೇ ಅದರಿಂದ. ಇಂಥ ಜಾಗಕ್ಕೆ ಹೊಯ್ರಿಗರ್ ಅನ್ನುತ್ತಾರೆ, ಹೊಸ ವೈನಿಗೂ ಅದೇ ಹೆಸರು, ಅರ್ಥ 'ಈ ವರ್ಷದ್ದು'. ನವೆಂಬರ್ 11 ಬಂತೆಂದರೆ ಅದು ಹಳೇದು!

ಅಲ್ಲಿ ಗೆಮಿಷ್ಟರ್ ಸಾಟ್ಸ್ ಅನ್ನುವ ವೈನ್ ಕೇಳಿ ತಗೊಳ್ಳಿ. ಒಂದೇ ತೋಟದಲ್ಲಿ ಹಲವು ತಳಿಯ ದ್ರಾಕ್ಷಿ ಬೆರೆಸಿ ನೆಟ್ಟು, ಒಟ್ಟಿಗೇ ಕೊಯ್ದು, ಒಟ್ಟಿಗೇ ಹಿಂಡುವುದು. ಚಳಿಗೆ ಒಂದು ತಳಿ ಕೈಕೊಟ್ಟರೂ ಇನ್ನೊಂದು ಉಳಿಯಲಿ ಅಂತ. ನನಗಂತೂ ನಮ್ಮ ಅಕ್ಕಡಿ ಸಾಲು ನೆನಪಾಯಿತು.

ಮೊಸರನ್ನ:
ಗೆಳೆಯರ ವಿಷಯಕ್ಕೆ ಬರುತ್ತೇನೆ, ಇಲ್ಲಿ ಮೋಸ ಹೋಗುವುದು ಸುಲಭ. ಆಲೂಗಡ್ಡೆ ಸಲಾಡ್ ನೋಡಲು ಪಾಪದ್ದು, ಆದರೆ ವಿಯೆನ್ನಾದವರು ಅದಕ್ಕೆ ದನದ ಮಾಂಸ ಬೇಯಿಸಿದ ಸಾರು ಹಾಕುತ್ತಾರೆ. ಬ್ರೆಡ್ ಮೇಲೆ ಬಿಳಿಯಾಗಿ ಸವರಿದ್ದು ಬೆಣ್ಣೆ ಅಂದುಕೊಳ್ಳಬೇಡಿ, ಹಂದಿ ಕೊಬ್ಬೂ ಆಗಿರಬಹುದು. ಲಿಪ್ಟೌವರ್ ಅಂತ ಕೆಂಪಗಿನ ಚೀಸ್ ಇರುತ್ತೆ, ಪಾಪ್ರಿಕಾ ಪುಡಿ ಹಾಕಿದ್ದು. ಅದರಲ್ಲೂ ಕೆಲವರು ಮೀನು ಸೇರಿಸುತ್ತಾರೆ, ಕೇಳಿಯೇ ತಗೊಳ್ಳಿ.

ಟ್ರಾಮ್ ಪ್ರಯಾಣಿಕ:
ಹೌದು, ಆ ಸಲಾಡ್ ನಾನೂ ಒಂದು ವರ್ಷ ತಿಂದೆ, ಗೊತ್ತಿಲ್ಲದೆ!

ಗುಡ್ಡ ಹತ್ತುವವ:
ಬೆಳಕಿದ್ದರೆ 38ಎ ಬಸ್ಸಲ್ಲಿ ಕಾಲೆನ್‌ಬರ್ಗ್ ಗುಡ್ಡಕ್ಕೆ ಹೋಗಿ, ತೋಟಗಳ ನಡುವೆ ನುಸ್‌ಡೋರ್ಫ್‌ಗೆ ನಡೆದು ಇಳಿಯಿರಿ. ಕೆಳಗೆ ಡ್ಯಾನ್ಯೂಬ್ ಕಾಣುತ್ತೆ. ವಾಪಸ್ ಬರಲು ಡಿ ಟ್ರಾಮ್.

ಅಲೆಮಾರಿ:
ಥ್ಯಾಂಕ್ಸ್. ಗೆಳೆಯ ಈ ಸಲಾಡ್ ಕಥೆ ಓದಿ ಈಗಲೇ ಚಪಾತಿ ಕಟ್ಟಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ, ಅಲ್ಲಿ ಬುತ್ತಿ ಬಿಚ್ಚಿದರೆ ಏನೂ ಅನ್ನಲ್ವಾ?