ಹಾಯಿದೋಣಿ ರೇಸಿನ ಪಿವೈ ಲೆಕ್ಕದಲ್ಲಿ ಟಾಪರ್ ದೋಣಿ 11 ನಿಮಿಷ ಮುಂದೆ! ಎಲ್ಲಿ ತಪ್ಪಿದೆ?

ಕೆರೆದೋಣಿ: ಇಂಗ್ಲೆಂಡಿನ ಕ್ಲಬ್ ರೇಸ್, ಬೇರೆ ಬೇರೆ ಮಾದರಿಯ ಹಾಯಿದೋಣಿಗಳು ಒಟ್ಟಿಗೆ. ರಿಸಲ್ಟ್ ಪಾಳಿ ನನ್ನದು, ಎಕ್ಸೆಲ್ ಮುಂದೆ ಕೂತು ತಲೆ ಕೆಟ್ಟಿದೆ. ಸೂತ್ರ: ತಗೊಂಡ ಸೆಕೆಂಡು × 1000 ÷ ಪಿವೈ ನಂಬರ್. ಪಿವೈ (ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್) ಅಂದ್ರೆ ದೋಣಿ ಮಾದರಿಯ ವೇಗ ನೋಡಿ ಕೊಟ್ಟ ಅಂಕಿ, ನಿಧಾನದ ದೋಣಿಗೆ ದೊಡ್ಡದು; ಉತ್ತರ ಕಡಿಮೆ ಬಂದವರು ಮುಂದೆ. ಕ್ಲಬ್ಬಿನ ನಂಬರ್‌ಗಳೇ ಹಾಕಿದ್ದೀನಿ. ಸಾಲು ಹೀಗೆ: ದೋಣಿ, ಪಿವೈ, ನಿಮಿಷ.ಸೆಕೆಂಡು, ಉತ್ತರ ಸೆಕೆಂಡಲ್ಲಿ.

ಐಎಲ್‌ಸಿಎ 7: 1100, 52.30, ಉತ್ತರ 2864
ಎಂಟರ್‌ಪ್ರೈಸ್: 1120, 53.05, ಉತ್ತರ 2844
ಟಾಪರ್: 1370, 50.10, ಉತ್ತರ 2197

ಹಾಯಿಹಗ್ಗ: 52.30 ಅಂತ ಹೊಡೆದಿದ್ದೀರಲ್ಲ, ಎಡವಟ್ಟು ಅಲ್ಲೇ. ಎಕ್ಸೆಲ್‌ಗೆ ಅದು 52 ನಿಮಿಷ 18 ಸೆಕೆಂಡು. ನಿಮಿಷ, ಸೆಕೆಂಡು ಬೇರೆ ಕಾಲಂ ಮಾಡಿ.

ಗಾಳಿಮುಖ: 2864 ಬಂದಿರೋದೇ 3150 ಸೆಕೆಂಡಿನಿಂದ, ಪರಿವರ್ತನೆ ಸರಿ ಇದೆ. ಆ ತಪ್ಪಿನಿಂದ ಹೆಚ್ಚೆಂದರೆ 24 ಸೆಕೆಂಡು ಹೋಗುತ್ತೆ, 11 ನಿಮಿಷ ಅಲ್ಲ.

ಹಾಯಿಹಗ್ಗ: ಆದ್ರೂ ಸೆಲ್ ಫಾರ್ಮ್ಯಾಟ್ ನೋಡಿ. 52:30 ಹೊಡೆದರೆ 52 ಗಂಟೆ 30 ನಿಮಿಷ ಅಂತ ಓದುತ್ತೆ.

ಗಾಳಿಮುಖ: ಎಲ್ಲ ಸಾಲೂ 60 ಪಟ್ಟು ಆದ್ರೆ ಸ್ಥಾನ ಬದಲಾಗಲ್ಲ ಸರ್.

ನೀಲಿಬೋಯ್: ಎಕ್ಸೆಲ್ ಯಾಕೆ? ರೇಸ್ ರಿಸಲ್ಟ್ ಲೆಕ್ಕ ಹಾಕೋ ಸಾಫ್ಟ್‌ವೇರ್ ಸೈಲ್‌ವೇವ್ ಹಾಕ್ಕೊಳ್ಳಿ.

ಗಾಳಿಮುಖ: ಅದಿರಲಿ. ಟಾಪರ್ ಎಷ್ಟು ಲ್ಯಾಪ್ ಹೊಡೀತು?

ಕೆರೆದೋಣಿ: 3. ಉಳಿದವು 4. ಗಾಳಿ ಬಿದ್ದಿತ್ತು, ಎಲ್ಲರೂ ಹೆಚ್ಚುಕಮ್ಮಿ ಒಟ್ಟಿಗೆ ದಡ ಸೇರಲಿ ಅಂತ ಹಾಗೆ ಮುಗಿಸಿದ್ವಿ.

ಗಾಳಿಮುಖ: ಇದನ್ನ ಮೊದಲೇ ಹೇಳಬೇಕಿತ್ತು! ಸರಾಸರಿ ಲ್ಯಾಪ್ ಲೆಕ್ಕ ಬೇಕು. ಸಮಯವನ್ನು ಅತಿ ಹೆಚ್ಚು ಲ್ಯಾಪ್‌ನಿಂದ ಗುಣಿಸಿ, ಆ ದೋಣಿಯ ಲ್ಯಾಪ್‌ನಿಂದ ಭಾಗಿಸಿ, ಆಮೇಲೆ ಪಿವೈ. ಟಾಪರ್ 3010 × 4 ÷ 3 = 4013. ಅದು × 1000 ÷ 1370 = 2929. ಎಂಟರ್‌ಪ್ರೈಸ್ ಮೊದಲು, 20 ಸೆಕೆಂಡು ಹಿಂದೆ ಐಎಲ್‌ಸಿಎ, ಟಾಪರ್ ಮೂರನೇದು. ಇನ್ನೊಂದು, ಆ ಐಎಲ್‌ಸಿಎ ನಿಜವಾಗಿ 7 ತಾನೆ? ಹಲ್ (ದೋಣಿಯ ಒಡಲು) ಒಂದೇ, ಐಎಲ್‌ಸಿಎ 6ರ ಚಿಕ್ಕ ಹಾಯಿ ಕಟ್ಟಿದ್ರೆ ನಂಬರ್ ಬೇರೆ.

ಕೆರೆದೋಣಿ: 7ರ ಹಾಯಿನೇ. ಲ್ಯಾಪ್ ಕಾಲಂ ಸೇರಿಸಿದೆ, 2929 ಬಂತು. ತುಂಬಾ ಥ್ಯಾಂಕ್ಸ್.

ಹಾಯಿಹಗ್ಗ: ಗಾಳಿ ಬಿದ್ದ ದಿನ ಈ ಸರಾಸರಿ ನ್ಯಾಯ ಅಲ್ಲ. ಮುಂದಿನವರ 4ನೇ ಲ್ಯಾಪ್ ಸತ್ತ ಗಾಳೀಲಿ, ಟಾಪರ್‌ನ ಮೂರರಲ್ಲಿ ಹೆಚ್ಚು ಭಾಗ ಒಳ್ಳೆ ಗಾಳೀಲಿ.

ಗಾಳಿಮುಖ: ಇಲ್ಲ ಸರ್, ಎಲ್ಲರೂ ಹೆಚ್ಚುಕಮ್ಮಿ ಅದೇ 50 ನಿಮಿಷ ನೀರಲ್ಲಿದ್ರು, ಸತ್ತ ಗಾಳಿ ಟಾಪರ್‌ನ 3ನೇ ಲ್ಯಾಪಿಗೂ ಸಿಕ್ಕಿರುತ್ತೆ. ಅದಕ್ಕಿಂತ ದೊಡ್ಡದು ಸ್ಟಾರ್ಟ್ ಲೈನ್. ಅದು ಲ್ಯಾಪ್ ಎಣಿಸೋ ಗೆರೆಯಿಂದ ದೂರ ಇದ್ರೆ ಮೊದಲ ಲ್ಯಾಪಿನ ಉದ್ದವೇ ಬೇರೆ. ನಿಮ್ಮಲ್ಲಿ ಎರಡೂ ಒಂದೇ ಗೆರೆನಾ?