‘ಸಾವಯವ ರಂಜಕ’ ಅಂತ ಬರೆದರೆ ಅದು ವಿಷ ಅಂತ ಯಾರಿಗೆ ತಿಳಿಯುತ್ತೆ?

ಶ್ರೀನಿವಾಸಪುರದಿಂದ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಾಗಿದೆ. ಶನಿವಾರ ಬೋರ್ಡು ಬರೆಯುವವರು ಬರುತ್ತಾರೆ, ಅಷ್ಟರೊಳಗೆ.

ನಮ್ಮ ಊರಿನ ಗೋಡೆಗೆ ಕೀಟನಾಶಕದ ಎಚ್ಚರಿಕೆ ಬರೆಸುತ್ತಿದ್ದೇವೆ. ನನ್ನ ಕೈಗೆ ಬಂದಿರುವ ಇಂಗ್ಲಿಷ್ ಹಾಳೆ ಒಂದೇ ಪುಟದ್ದು. ಆ ಒಂದು ಪುಟದಲ್ಲಿ ‘ಆರ್ಗನ್’ ಐದು ಸಲ ಬಂದಿದೆ: ಆರ್ಗನೋಫಾಸ್ಫೇಟ್, ಆರ್ಗನೋಕ್ಲೋರಿನ್, ಆರ್ಗಾನಿಕ್ ಸಾಲ್ವೆಂಟ್, ಆರ್ಗನ್ ಡ್ಯಾಮೇಜ್, ಕೊನೆಗೆ ಆದಷ್ಟು ಆರ್ಗಾನಿಕ್ ಗೊಬ್ಬರ ಬಳಸಿ ಎಂಬ ಸಲಹೆ. ಪದಕೋಶ ಪಕ್ಕಕ್ಕಿಟ್ಟುಕೊಂಡು ಸಾವಯವ ರಂಜಕ, ಸಾವಯವ ಕ್ಲೋರಿನ್, ಸಾವಯವ ದ್ರಾವಕ, ಅಂಗಹಾನಿ, ಸಾವಯವ ಗೊಬ್ಬರ ಅಂತ ಮಾಡಿದೆ. ಟೊಮ್ಯಾಟೊ ಬೆಳೆಯುವ ನಮ್ಮ ಚಿಕ್ಕಪ್ಪನಿಗೆ ಕರಡು ತೋರಿಸಿದೆ. ಎರಡು ಸಲ ಓದಿ, "ಸಾವಯವ ಅಂದ್ಮೇಲೆ ಒಳ್ಳೇದೇ ಅಲ್ವೇನಪ್ಪ? ಅದರ ಪಕ್ಕ ತಲೆಬುರುಡೆ ಯಾಕೆ ಬರೆಸ್ತೀಯ?" ಅಂದರು. ‘ಅಂಗಹಾನಿ’ ನೋಡಿ "ಕೈಕಾಲು ಹೋಗುತ್ತಾ?" ಅಂತ ಕೇಳಿದರು.

ಅವರು ತಪ್ಪಾಗಿ ಓದಲಿಲ್ಲ, ನಾನು ತಪ್ಪಾಗಿ ಬರೆದೆ. ಯಾವ ಪದ ಹಾಕಲಿ, ಹೇಳಿ.

ಚಿಂತಾಮಣಿಯಿಂದ:

ಪದಕೋಶದ ಪದವೇ ಸರಿ. ‘ಅವಯವ’ ಎಂದರೆ ಕೈಕಾಲು ಮಾತ್ರವಲ್ಲ, ಇಡಿಯ ಬಿಡಿ ಭಾಗ. ನ್ಯಾಯಶಾಸ್ತ್ರದಲ್ಲಿ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ, ವಾದಕ್ಕೂ ಐದು ಅವಯವಗಳಿವೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಅವಯವಗಳಿಂದ ಕೂಡಿದ್ದು ಸಾವಯವ, ಇಲ್ಲದ್ದು ನಿರವಯವ. ವೇದಾಂತದಲ್ಲಿ ಬ್ರಹ್ಮವನ್ನು ನಿರವಯವ ಎಂದಿದ್ದಾರೆ. ಇಷ್ಟು ಹಳೆಯ, ಇಷ್ಟು ಖಚಿತವಾದ ಜೋಡಿಪದವನ್ನು ರಸಾಯನಶಾಸ್ತ್ರಕ್ಕೆ ತಂದವರು ಯೋಚಿಸಿಯೇ ತಂದಿದ್ದಾರೆ. ನಿಮ್ಮ ಚಿಕ್ಕಪ್ಪನವರಿಗೆ ತಿಳಿಯಲಿಲ್ಲ ಎಂದು ಪದ ಬದಲಿಸುತ್ತ ಹೋದರೆ ಭಾಷೆ ಉಳಿಯುವುದಿಲ್ಲ. ಓದುಗನಿಗೆ ಕಲಿಸಬೇಕು, ಪದವನ್ನು ಇಳಿಸಬಾರದು.

ಕೋಲಾರದಿಂದ:

ಮೇಷ್ಟ್ರೇ, ಗೋಡೆಯ ಮುಂದೆ ನಿಂತು ಕಲಿಯುವಷ್ಟು ಹೊತ್ತು ಕೀಟನಾಶಕದ ವಿಷ ಏರಿದ ರೋಗಿಗಳಿಗೆ ಇರುವುದಿಲ್ಲ. ವಾರ್ಡಿನಲ್ಲಿ ನಾವು ಇದನ್ನು ‘ಓಪಿ ಕೇಸು’ ಅಂತೀವಿ, ಓಪಿ ಅಂದರೆ ಆರ್ಗನೋಫಾಸ್ಫೇಟ್. ಕರೆದುಕೊಂಡು ಬಂದವರು "ಔಷಧಿ ಹೊಡೆಯೋಕೆ ಹೋಗಿದ್ರು ಸಾರ್, ತಲೆ ಸುತ್ತಿ ಬಿದ್ದರು" ಅಂತಾರೆ. ನಮ್ಮ ಮೊದಲ ಪ್ರಶ್ನೆ ಯಾವ ಔಷಧಿ ಅಂತಲೇ. ನರದಿಂದ ಸ್ನಾಯುವಿಗೆ ಸಂದೇಶ ಮುಟ್ಟಿಸುವುದು ಅಸಿಟೈಲ್‌ಕೋಲಿನ್. ಕೆಲಸ ಮುಗಿದ ಕೂಡಲೇ ಅದನ್ನು ಒಡೆಯಲು ಒಂದು ಕಿಣ್ವ ಇದೆ. ಆರ್ಗನೋಫಾಸ್ಫೇಟು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ವಾಂತಿ ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಮಾಂಸಖಂಡ ಅದುರುವುದು, ಕೊನೆಗೆ ಉಸಿರು. ಇದಕ್ಕೆ ಕೊಡುವ ಮದ್ದು ಆಟ್ರೋಪಿನ್, ಅದನ್ನು ಶುರುಮಾಡಲು ತಡವಾದರೆ ಕಷ್ಟ.

ಇಂಥ ಹೊತ್ತಿನಲ್ಲಿ ಮನೆಯವರು ಗೋಡೆಯ ಮೇಲೆ ಓದಿದ್ದನ್ನು ನೆನಪಿಟ್ಟುಕೊಂಡು "ಸಾವಯವದ್ದು ಸಾರ್" ಅಂದರೆ ನಾನು ಬೇವಿನೆಣ್ಣೆ ಅಂದುಕೊಳ್ಳಬೇಕೋ, ಕ್ಲೋರ್‌ಪೈರಿಫಾಸ್ ಅಂದುಕೊಳ್ಳಬೇಕೋ? ಬಾಟಲಿಯ ಮೇಲಿನ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆಸಿ. ಗುರುತು ಹೆಸರಿನ ಮುಂದೆ ಇಲ್ಲ, ಬಾಲದಲ್ಲಿದೆ: ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಕ್ವಿನಾಲ್‌ಫಾಸ್, ಮಾನೊಕ್ರೊಟೊಫಾಸ್.

ಇನ್ನು ‘ಅಂಗಹಾನಿ’ ಬೇಡವೇ ಬೇಡ. ಅಂಗಾಂಗ ದಾನ ಅಂದಾಗ ಮೂತ್ರಪಿಂಡ, ಯಕೃತ್ತು ಅಂತ ಜನಕ್ಕೆ ಈಗ ಗೊತ್ತಾಗುತ್ತದೆ, ಆದರೆ ಅಂಗಹೀನ, ಅಂಗವಿಕಲ ಕೇಳಿದ ಕಿವಿಗೆ ಅಂಗ ಅಂದರೆ ಇನ್ನೂ ಕೈಕಾಲೇ. ‘ನರ, ಮಿದುಳು, ಉಸಿರಾಟಕ್ಕೆ ಪೆಟ್ಟು’ ಅಂತ ಹೆಸರು ಹಿಡಿದೇ ಬರೆಯಿರಿ.

ತುಮಕೂರಿನಿಂದ:

ಒಬ್ಬರು ಸಂಸ್ಕೃತ ಹೊರಿಸುತ್ತಾರೆ, ಇನ್ನೊಬ್ಬರು ಇಂಗ್ಲಿಷ್. ಕನ್ನಡ ಎಲ್ಲಿ? ಪಕ್ಕದ ತಮಿಳರು ಇದೇ ರಸಾಯನಶಾಸ್ತ್ರಕ್ಕೆ ಇದ್ದಿಲು ಎಂಬ ಅರ್ಥದ ‘ಕರಿ’ಯಿಂದ ‘ಕರಿಮ’ ಅಂತ ಕಟ್ಟಿಕೊಂಡು ಶಾಲೆಯಲ್ಲಿ ಕಲಿಸುತ್ತಿದ್ದಾರೆ. ನಮಗೂ ಕರಿ ಇದೆ, ಇದ್ದಿಲು ಇದೆ. ‘ಕರಿಬೆರಕೆ’ ಅನ್ನಿ, ಆರ್ಗನೋ ಇದ್ದ ಕಡೆಯೆಲ್ಲ ಅದನ್ನು ಹಾಕಿ. ನಮ್ಮ ಬೇರಿನ ಪದ ಇರುವಾಗ ಎರವಲು ತರುವುದು ಬಡತನವಲ್ಲ, ಸೋಮಾರಿತನ. ‘ಇಂಗಾಲ’ವನ್ನು ಕನ್ನಡ ಎಂದು ನಂಬಿರುವವರಿಗೂ ಒಂದು ಮಾತು: ಅದು ಸಂಸ್ಕೃತದ ಅಂಗಾರ, ಪ್ರಾಕೃತದ ದಾರಿಯಲ್ಲಿ ಬಂದದ್ದು.

ಚಿಂತಾಮಣಿಯಿಂದ:

ಕರಿ ಎಂದರೆ ಆನೆ ಕೂಡ. ಕರಿಬೆರಕೆ ಯಾರಿಗೂ ಬೇಡ.

ಗೌರಿಬಿದನೂರಿನಿಂದ:

ಕೆಮಿಸ್ಟ್ರಿ ಪಾಠ ಮಾಡುವವನಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಗ್ರೀಕಿನ ‘ಆರ್ಗನಾನ್’ ಅಂದರೆ ಉಪಕರಣ, ಕೆಲಸಕ್ಕೆ ಒದಗುವ ಸಾಧನ. ದೇಹ ಕೆಲಸ ಮಾಡುವ ಸಾಧನಗಳು ಆರ್ಗನ್‌ಗಳು, ಅವು ಇರುವುದು ಜೀವಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಜೀವಿಗಳಿಂದ ಸಿಗುವ ವಸ್ತುಗಳ ರಸಾಯನಶಾಸ್ತ್ರವನ್ನು ಆರ್ಗಾನಿಕ್ ಅಂದ. ಅಂಥ ವಸ್ತುವನ್ನು ಜೀವಶಕ್ತಿಯಿಲ್ಲದೆ ಮಾಡಲಾಗದು ಎಂಬ ನಂಬಿಕೆ ಆಗ ಇತ್ತು. 1828ರಲ್ಲಿ ವೋಲರ್ ಅಮೋನಿಯಂ ಸಯನೇಟಿನಿಂದ ಯೂರಿಯಾ ಮಾಡಿ ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಪದ ಮಾತ್ರ ಉಳಿಯಿತು. ಇವತ್ತು ರಸಾಯನಶಾಸ್ತ್ರದಲ್ಲಿ ‘ಆರ್ಗನೋ’ ಅಂದರೆ ಇಂಗಾಲ ಇದೆ ಅಂತ ಅಷ್ಟೇ. ಅವಯವಕ್ಕೂ ಅದಕ್ಕೂ ಸಂಬಂಧ ಕಡಿದು ಇನ್ನೂರು ವರ್ಷವಾಗುತ್ತ ಬಂತು. ಮೇಷ್ಟ್ರು ಖಚಿತ ಅನ್ನುವ ‘ಸಾವಯವ’ವು ಬಿದ್ದುಹೋದ ಆ ನಂಬಿಕೆಯ ಅನುವಾದ.

ಕೃಷಿಯ ಕಥೆ ಬೇರೆ. 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ಜಮೀನನ್ನೇ ಒಂದು ಜೀವಿಯಂತೆ ಕಂಡು ಅಂಥ ಬೇಸಾಯಕ್ಕೆ ಆರ್ಗಾನಿಕ್ ಎಂದರು. ಮಣ್ಣು, ದನ, ಗೊಬ್ಬರ, ಬೆಳೆ ಎಲ್ಲ ಒಂದೇ ಇಡಿಯ ಬಿಡಿ ಭಾಗಗಳು. ಮೇಷ್ಟ್ರೇ, ನೀವು ಹೇಳಿದ ಅವಯವದ ಅರ್ಥ ಅಕ್ಷರಶಃ ಸಲ್ಲುವುದು ಇಲ್ಲಿ. ಸಾವಯವ ಪದದ ಹಕ್ಕುದಾರ ಹೊಲವೇ ಹೊರತು ಪ್ರಯೋಗಶಾಲೆಯಲ್ಲ. ಚಿಕ್ಕಪ್ಪನವರ ಕನ್ನಡ ನಿಮ್ಮ ವ್ಯುತ್ಪತ್ತಿಯ ಪ್ರಕಾರವೇ ಸರಿ.

ಬೇರೆ ಭಾಷೆಗಳು ಈ ಎರಡನ್ನೂ ಬೇರ್ಪಡಿಸಿವೆ. ಹಿಂದಿಯಲ್ಲಿ ರಸಾಯನಶಾಸ್ತ್ರ ಕಾರ್ಬನಿಕ, ಬೇಸಾಯ ಜೈವಿಕ. ತೆಲುಗಿನಲ್ಲಿ ಅದು ಕರ್ಬನ, ಇದು ಸೇಂದ್ರಿಯ. ನಮ್ಮ ಗಡಿಯ ಹಳ್ಳಿಗಳಲ್ಲಿ ಮನೆಮಾತು ತೆಲುಗಾದ ರೈತರಿಗೆ ಸೇಂದ್ರಿಯ ಪರಿಚಿತ ಪದ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಹಾಕಿದ್ದರಿಂದ ಈ ಗೊಂದಲ. ಪಠ್ಯಪುಸ್ತಕದಲ್ಲಿ ಇಂಗಾಲ ಇಟ್ಟುಕೊಂಡು ಹೊಸ ಪದ ಕಟ್ಟಬಹುದು, ಅದಕ್ಕೆ ನನ್ನ ಒಪ್ಪಿಗೆ ಇದೆ.

‘ರಂಜಕ’ ಇನ್ನೂ ಕಷ್ಟ. ಓದುವವನಿಗೆ ಹೊಳೆಯುವುದು ಮನರಂಜಕ. ಹಿಂದೆ ತೋಪಿನ ಕಿವಿಗೆ ಹಾಕುವ ಮದ್ದಿನಪುಡಿಯೂ ರಂಜಕವೇ, ಆದರೆ ಅದನ್ನು ಬಲ್ಲವರು ಈಗ ಎಷ್ಟು ಜನ? ಫಾಸ್ಫರಸ್ ಅನ್ನಿ, ಗೊಬ್ಬರದ ಚೀಲದಿಂದ ಆ ಹೆಸರು ರೈತರಿಗೆ ಗೊತ್ತಿದೆ.

ಡಾಕ್ಟರ ಬಾಲದ ಗುರುತಿಗೆ ಒಂದು ತಿದ್ದುಪಡಿ. ಮೆಲಾಥಿಯಾನ್, ಡೈಮಿಥೋಯೇಟ್ ಕೂಡ ಇದೇ ಜಾತಿ, ಅವುಗಳ ಕೊನೆಯಲ್ಲಿ ಫಾಸ್ ಇಲ್ಲ. ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ತೋರಿಸಿದರೆ ಹೆಚ್ಚು ಭದ್ರ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ವಿಷವಲ್ಲ ಅಂತ ಅರ್ಥವಲ್ಲ, ಅದನ್ನೂ ಬರೆಸಿ. ಸಾಲ್ವೆಂಟಿಗೆ ‘ಸೀಮೆಎಣ್ಣೆ ಜಾತಿಯ ದ್ರಾವಕ’ ಸಾಕು.

ತುಮಕೂರಿನಿಂದ:

ಹಾಗಾದರೆ ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ. ಇವತ್ತು ಫಾಸ್ಫೇಟಿಗೆ ಜಾಗ ಬಿಟ್ಟುಕೊಟ್ಟೆವು, ನಾಳೆ ವಾಂತಿಯನ್ನೂ ವಾಮಿಟಿಂಗ್ ಅಂತ ಬರೆಯುತ್ತೀರಿ.

ಕೋಲಾರದಿಂದ:

ವಾಂತಿ ಸಂಸ್ಕೃತ. ಆಸ್ಪತ್ರೆ ಇಂಗ್ಲಿಷಿನ ಹಾಸ್ಪಿಟಲ್. ಸಾಬೂನು ಬಂದದ್ದೂ ಹೊರಗಿಂದ. ನಮ್ಮ ಮಂಡಿಯಲ್ಲಿ ಸುರಿಯುವ ಟೊಮ್ಯಾಟೊ ಮೆಕ್ಸಿಕೋದ ನಾವಾಟಲ್ ಮಾತು. ಯಾವುದನ್ನೂ ಓದಿ ಜನ ತಬ್ಬಿಬ್ಬಾಗುವುದಿಲ್ಲ. ತಬ್ಬಿಬ್ಬಾಗಿಸಿದ್ದು ಸಾವಯವ ಒಂದೇ.

ಶ್ರೀನಿವಾಸಪುರದಿಂದ:

ಎಲ್ಲರಿಗೂ ಕೃತಜ್ಞತೆ. ತುಮಕೂರಿನವರ ಸಂಕಟ ನನಗೂ ಇದೆ, ಆದರೆ ಕರಿಬೆರಕೆಯನ್ನು ಗೋಡೆಯ ಮೇಲೆ ಮೊದಲ ಸಲ ಪರೀಕ್ಷಿಸುವ ಧೈರ್ಯ ಇಲ್ಲ. ಹೀಗೆ ಬರೆಸುತ್ತಿದ್ದೇನೆ:

"ಎಚ್ಚರಿಕೆ! ಆರ್ಗನೋಫಾಸ್ಫೇಟ್ ಕೀಟನಾಶಕ ವಿಷ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಡೈಮಿಥೋಯೇಟ್ ಈ ಜಾತಿಯವು. ಔಷಧಿ ಹೊಡೆದ ಮೇಲೆ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು ಕಂಡರೆ ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಕೂಡಲೇ 108ಕ್ಕೆ ಫೋನ್ ಮಾಡಿ. ಬಾಟಲಿಯನ್ನೂ ಆಸ್ಪತ್ರೆಗೆ ತನ್ನಿ."

ಕೆಳಗೆ ನಾಲ್ಕು ತ್ರಿಕೋನ, ‘ಹಸಿರೂ ವಿಷವೇ’ ಎಂಬ ಸಾಲು. ಸಾವಯವ ಒಂದೇ ಕಡೆ, ಗೊಬ್ಬರದ ಹಿಂದೆ. ಚಿಕ್ಕಪ್ಪನಿಗೆ ಓದಿಸಿದೆ, ಈ ಸಲ ಬುರುಡೆಯ ಬಗ್ಗೆ ಕೇಳಲಿಲ್ಲ. "ಮನೆಯಲ್ಲಿ ಒಂದು ಹಳದಿ ಬಾಟಲಿ ಇದೆ, ಮೇಲಿನ ಅಟ್ಟಕ್ಕೆ ಹಾಕ್ತೀನಿ" ಅಂದರು.

ಚಿಂತಾಮಣಿಯಿಂದ:

ಗೋಡೆಗೆ ಇದು ಒಪ್ಪಿಗೆ. ಆದರೆ ‘ಔಷಧಿ’ ತಪ್ಪು. ಓಷಧಿ ಎಂದರೆ ಗಿಡ, ಔಷಧ ಎಂದರೆ ಮದ್ದು. ವಿಷಕ್ಕೆ ಎರಡೂ ಬೇಡ.

ಕೋಲಾರದಿಂದ:

ಮದ್ದು ಅಂದರೆ ನಮ್ಮ ಕಡೆ ಔಷಧವೂ ಹೌದು, ಬಂದೂಕಿನ ಪುಡಿಯೂ ಹೌದು, ಕೈಮದ್ದು ಅಂದಾಗ ವಿಷವೂ ಹೌದು. ‘ಔಷಧಿ ಹೊಡೆದ ಮೇಲೆ’ ಹಾಗೇ ಇರಲಿ ಮೇಷ್ಟ್ರೇ, ಜನ ಹೇಳುವುದು ಅದನ್ನೇ.