49 ವಯಸ್ಸು, 26 ವರ್ಷ ಸರ್ವೀಸ್: ವಿಆರ್‌ಎಸ್ ತಗೊಳ್ಳಲೋ, 58ರವರೆಗೆ ಹಾರಲೋ? ಅನುಭವ ಇದ್ದವರು ಹೇಳಿ

ವಿಂಡೋಸೀಟ್ ವನಜ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬೇಸ್, ಕ್ಯಾಬಿನ್ ಕ್ರೂ, ಈಗ ಸೀನಿಯರ್. ಕಂಪನಿ 45 ದಾಟಿದವರಿಗೆ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ಸ್ಕೀಮ್, ತಂದಿದೆ. ನನಗೆ ಸುಮಾರು 38 ಲಕ್ಷ ಅಂತ ಎಚ್‌ಆರ್ ಹೇಳ್ತಿದಾರೆ, ಪಿಎಫ್ ಬೇರೆ. ಬೇಡ ಅಂದರೆ 58ರವರೆಗೆ ಹಾರಬಹುದು, ಆದರೆ ಮೆಡಿಕಲ್ ಪಾಸಾಗ್ತಾ ಇರಬೇಕು. ಫೇಲಾದರೆ ಗ್ರೌಂಡ್ ಡ್ಯೂಟಿ, ಫ್ಲೈಯಿಂಗ್ ಅಲೋಯನ್ಸ್ ಕಟ್. ಮಗಳು ಸೆಕೆಂಡ್ ಪಿಯುಸಿ, ಹೋಮ್ ಲೋನ್ 11 ಲಕ್ಷ ಬಾಕಿ, ಅತ್ತೆ ನಮ್ಮ ಜೊತೆಗಿದ್ದಾರೆ. ಎಡ ಮೊಣಕಾಲು ಆಗಾಗ ಹಿಡಿದುಕೊಳ್ಳುತ್ತೆ. ತಿಂಗಳ ಕೊನೆಯೊಳಗೆ ಫಾರ್ಮ್ ಕೊಡಬೇಕು. ವಯಸ್ಸಾದ ಕ್ರೂನ ಕಡ್ಡಾಯವಾಗಿ ಇಳಿಸಬೇಕು ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ದಿನಾ ಜಗಳ, ತಲೆ ಕೆಟ್ಟುಹೋಗಿದೆ. ಇದೇ ವಯಸ್ಸಲ್ಲಿ ಬಿಟ್ಟವರು, ಉಳಿದವರು ದಯವಿಟ್ಟು ಹೇಳಿ.

ಜಂಪ್‌ಸೀಟ್ ಜಾನಕಿ
ಸಹಿ ಹಾಕಬೇಡಿ. ನಾನು 58 ಮುಗಿಸಿಯೇ ಇಳಿದವಳು. ಈ 58 ನಮಗೆ ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ. ನಿಮ್ಮ ಗ್ರೂಪಿನ ಹುಡುಗೀರಿಗೆ ಇದೆಲ್ಲ ಎಲ್ಲಿಂದ ಗೊತ್ತಿರುತ್ತೆ? ಏರ್ ಇಂಡಿಯಾದಲ್ಲಿ ಒಂದು ಕಾಲಕ್ಕೆ ಏರ್‌ಹೋಸ್ಟೆಸ್‌ಗೆ 35ಕ್ಕೇ ರಿಟೈರ್‌ಮೆಂಟ್. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಮನೆಗೆ, ಮೊದಲ ಬಸಿರು ನಿಂತರೆ ಮನೆಗೆ. ಎಂಡಿ ಸಾಹೇಬರು ಮನಸ್ಸು ಮಾಡಿದರೆ 45ರವರೆಗೆ ಎಳೆಯಬಹುದಿತ್ತು. ಅದೇ ವಿಮಾನದಲ್ಲಿ ಅದೇ ಟ್ರೇ ಹಿಡಿದ ಗಂಡಸರಿಗೆ 58! ಏರ್‌ಹೋಸ್ಟೆಸ್ ನರ್ಗೇಶ್ ಮಿರ್ಜಾ ಕೇಸಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಬಸಿರಿನ ನಿಯಮ ಕಿತ್ತುಹಾಕಿತು, ಎಂಡಿ ಮರ್ಜಿಯನ್ನೂ ಕಿತ್ತಿತು, ಮದುವೆ ನಿಯಮ ಮಾತ್ರ ಸರಿಯಾಗೇ ಇದೆ ಅಂತು. 2003ರಲ್ಲಿ ಮತ್ತೆ ಅದೇ ಕೋರ್ಟು, ಹೆಂಗಸರನ್ನ 50ಕ್ಕೆ ಹಾರಾಟದಿಂದ ಇಳಿಸಿ ನೆಲದ ಕೆಲಸಕ್ಕೆ ಹಾಕೋದರಲ್ಲಿ ತಾರತಮ್ಯ ಇಲ್ಲ ಅಂತು. ಇನ್‌ಫ್ಲೈಟ್ ಸೂಪರ್‌ವೈಸರ್ (ವಿಮಾನದೊಳಗೆ ಕ್ರೂ ಮೇಲ್ವಿಚಾರಕರು) ಹುದ್ದೆ ಹೆಂಗಸರಿಗೂ ಸಲ್ಲಬೇಕು ಅಂತ ತೀರ್ಪು ಬರೋಕೆ 2011 ಆಗಬೇಕಾಯ್ತು. ನನ್ನ ಕಂಪನಿ ಬೇರೆ, ಆದರೆ ಅಲ್ಲಿ ಬದಲಾದದ್ದೇ ಇಲ್ಲೂ ನಿಧಾನಕ್ಕೆ ಬದಲಾಯ್ತು. ಇಷ್ಟು ವರ್ಷ ಬಡಿದಾಡಿ ಸಿಕ್ಕಿದ್ದನ್ನ 49ಕ್ಕೆ ವಾಪಸ್ ಕೊಡ್ತೀರಾ?

ದೇಹ ಕೇಳೋದಿಲ್ಲ ಅಂತೀರಿ, ನನ್ನದೂ ಕೇಳಲಿಲ್ಲ. 51ಕ್ಕೆ ಎರಡೂ ಕಾಲಿಗೆ ವೆರಿಕೋಸ್ (ರಕ್ತನಾಳ ಉಬ್ಬೋದು) ಲೇಸರ್. ಬಿಲ್ 1,46,000, ಇನ್ಶೂರೆನ್ಸ್ ಕೊಟ್ಟಿದ್ದು 91,000. ಸ್ಟಾಕಿಂಗ್ಸ್ ಕನ್ಸ್ಯೂಮಬಲ್ ಅಂತ ಹೊಡೆದುಹಾಕಿದರು, ಒಂದು ಜೋಡಿಗೆ 2,400! ಪ್ರತಿ ವರ್ಷದ ಎಸ್‌ಇಪಿಯಲ್ಲಿ (ಸುರಕ್ಷತೆ, ಎಮರ್ಜೆನ್ಸಿ ಟ್ರೇನಿಂಗ್) ಸ್ಲೈಡ್ ಇಳಿದೆ, ಸ್ಮೋಕ್ ಚೇಂಬರ್‌ನಲ್ಲಿ ತೆವಳಿದೆ, ಪೂಲಿಗೆ ಬಿದ್ದು ರಾಫ್ಟ್ ಹತ್ತಿದೆ. ಯಾವ ಇನ್‌ಸ್ಟ್ರಕ್ಟರೂ ನನ್ನ ವಯಸ್ಸು ನೋಡಿ ಮಾರ್ಕ್ಸ್ ಹಾಕಲಿಲ್ಲ.

ಇಳಿದವಳು
ಜಾನಕಿ ಅವರ ಚರಿತ್ರೆ ಪಾಠ ಚೆನ್ನಾಗಿದೆ. ನಾನು 47ಕ್ಕೆ ಸ್ಕೀಮ್ ತಗೊಂಡೆ, ಇವತ್ತಿಗೂ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ. ದೇವನಹಳ್ಳಿಗೆ ರಾತ್ರಿ ಒಂದೂವರೆಗೆ ಪಿಕಪ್ ಕ್ಯಾಬ್ ಹತ್ತೋ ಕರ್ಮ ಇಲ್ಲ.

ಮೊದಲು ಆ 38 ಲಕ್ಷದ ಭ್ರಮೆ ಬಿಡಿ. ವಿಆರ್‌ಎಸ್ ಹಣದಲ್ಲಿ ಟ್ಯಾಕ್ಸ್ ಇಲ್ಲದ್ದು 5 ಲಕ್ಷ ಮಾತ್ರ, ಅದೂ ಜೀವಮಾನಕ್ಕೆ ಒಂದೇ ಸಲ. ಮೇಲಿನದ್ದೆಲ್ಲ ಆ ವರ್ಷದ ಸಂಬಳಕ್ಕೆ ಸೇರಿ 30 ಪರ್ಸೆಂಟ್ ಸ್ಲ್ಯಾಬಿಗೆ ಬೀಳುತ್ತೆ. ನನಗೆ ಪತ್ರದಲ್ಲಿ ಬರೆದಿದ್ದು 31 ಲಕ್ಷ, ಖಾತೆಗೆ ಬಿದ್ದಿದ್ದು 23 ಚಿಲ್ಲರೆ. ಗ್ರಾಚ್ಯುಟಿ ಅದರೊಳಗೇ ಸೇರಿದೆಯಾ, ಬೇರೆಯಾ ಅಂತ ಬರವಣಿಗೆಯಲ್ಲಿ ಕೇಳಿ. ನನಗೆ ಬಾಯಲ್ಲಿ "ಬೇರೆ ಮೇಡಂ" ಅಂದವರು ಸೆಟಲ್‌ಮೆಂಟ್ ಶೀಟಲ್ಲಿ ಒಳಗೇ ಸೇರಿಸಿದ್ದರು. ಯೂನಿಫಾರ್ಮ್ ವಾಪಸ್ ಕೊಡೋವಾಗ ಟ್ರಾಲಿ ಬ್ಯಾಗಿನ ಚಕ್ರ ಮುರಿದಿದೆ ಅಂತ 3,800 ಹಿಡಿದರು. ಕೊಟ್ಟಿದ್ದೇ ಹಳೇ ಬ್ಯಾಗು!

ಆ ದುಡ್ಡಲ್ಲಿ ರಾಜಾಜಿನಗರದಲ್ಲಿ ಗ್ರೂಮಿಂಗ್ ಕ್ಲಾಸ್ ಶುರು ಮಾಡಿದೆ. ಅಡ್ವಾನ್ಸ್ 4 ಲಕ್ಷ, ಬಾಡಿಗೆ 42,000, ಕನ್ನಡಿ, ಲೈಟು, ಎರಡು ಸಾಲು ಹಳೇ ಏರ್‌ಕ್ರಾಫ್ಟ್ ಸೀಟು ತರಿಸಿದ್ದಕ್ಕೇ 1,15,000. ಎಲ್ಲರೂ ಕೇಳೋದು ಒಂದೇ, "ಪ್ಲೇಸ್‌ಮೆಂಟ್ ಗ್ಯಾರಂಟಿ ಇದೆಯಾ ಮೇಡಂ?" ಇಲ್ಲ ಅಂದರೆ ಪಕ್ಕದ ಬೋರ್ಡಿಗೆ ಹೋಗ್ತಾರೆ. ಬಿಲ್ಡಿಂಗ್ ಓನರ್ ಅಡ್ವಾನ್ಸಲ್ಲಿ ಪೇಂಟಿಂಗ್‌ಗೆ ಅಂತ 85,000 ಮುರಿದುಕೊಂಡ. ಈಗ ಮನೇಲೇ ಆರು ಜನಕ್ಕೆ ಕ್ಲಾಸ್ ತಗೋತೀನಿ, ಸಾಕು. ಆದರೂ ಮತ್ತೆ ಕೇಳಿದರೆ ಮತ್ತೆ ಸಹಿ ಹಾಕ್ತೀನಿ.

ಜೂನಿಯರ್ ಮೋಸ್ಟ್
ಯಾರೂ ಹೇಳದೇ ಇರೋದನ್ನ ನಾನು ಹೇಳ್ತೀನಿ, ಬೈದರೆ ಬೈರಿ. 50ಕ್ಕೆ ಕಡ್ಡಾಯ ಮಾಡಬೇಕು. ನಾನು ನಾಲ್ಕು ವರ್ಷದಿಂದ ಎಕಾನಮಿ ಹಿಂದಿನ ಗ್ಯಾಲಿ. ತುಂಬಿದ ಮೀಲ್ ಕಾರ್ಟ್ 80 ಕೆಜಿ ಮೇಲೆ, ಕ್ಲೈಂಬಲ್ಲೇ ಸರ್ವಿಸ್ ಶುರು, ಅದನ್ನ ಮೇಲ್ಮುಖವಾಗಿ ತಳ್ಳೋದು ಯಾರು? ನಾವು. ಸೀನಿಯರ್ ಮೇಡಂ ಮುಂದುಗಡೆ ಕರ್ಟನ್ ಎಳೆದುಕೊಂಡು "ಪೇಪರ್‌ವರ್ಕ್". ಲಂಡನ್‌ನಲ್ಲಿ ತಂಗೋ ಲೇಓವರ್ ಅವರಿಗೆ, ನಮಗೆ ಹೋದ ಹಾಗೇ ವಾಪಸ್ ಬರೋ ಪಟ್ನಾ ಟರ್ನ್‌ಅರೌಂಡ್. ಪ್ರಮೋಷನ್ ಲಿಸ್ಟ್ ಅಲುಗಾಡಲ್ಲ, ಯಾಕೆಂದರೆ ಮೇಲಿನವರು ಏಳಲ್ಲ. ಪೈಲಟ್‌ಗೇ ವಯಸ್ಸಿನ ಮಿತಿ ಇದೆ ಅಲ್ವಾ? ನಮಗ್ಯಾಕೆ ಬೇಡ?

ಜಂಪ್‌ಸೀಟ್ ಜಾನಕಿ
ಪೈಲಟ್‌ಗೆ ಮಿತಿ 65 ಕಣಮ್ಮ, 50 ಅಲ್ಲ. ಆ 65 ನಮಗೂ ಕೊಡಿಸು, ನಾಳೆನೇ ವಾಪಸ್ ಬರ್ತೀನಿ. ಕರ್ಟನ್ ಹಿಂದೆ ಏನು ಮಾಡ್ತಿದ್ವಿ ಅಂತ ನಿನಗೆ ಗೊತ್ತಾಗೋದು, 14ಸಿಯಲ್ಲಿ ಕುಡಿದವನು ಕೈ ಎತ್ತಿದ ದಿನ. ಆವಾಗ ಇದೇ "ಮೇಡಂ"ನ ಕರೀತೀಯ.

ಡಲ್ಲಾಸ್ ಕನ್ನಡತಿ
ಇಲ್ಲಿ ಅಮೆರಿಕದಲ್ಲಿ ನನಗೆ 61, ಇನ್ನೂ ಹಾರ್ತಿದೀನಿ, ಇಳಿ ಅನ್ನೋ ಧೈರ್ಯ ಯಾರಿಗೂ ಇಲ್ಲ. 1967ರ ಕಾನೂನಿದೆ, 40 ದಾಟಿದವರನ್ನ ವಯಸ್ಸು ನೋಡಿ ತೆಗೆಯೋ ಹಾಗಿಲ್ಲ. ಅದಕ್ಕೂ ಮುಂಚೆ ಇಲ್ಲಿನ ಕಂಪನಿಗಳೂ 32ಕ್ಕೋ 35ಕ್ಕೋ ಹುಡುಗೀರನ್ನ ಮನೆಗೆ ಕಳಿಸ್ತಿದ್ದವು. ಬೆಟ್ಟಿ ನ್ಯಾಶ್ ಅಂತ ಒಬ್ಬರು 1957ರಲ್ಲಿ ಸೇರಿದವರು, 88ಕ್ಕೆ 2024ರಲ್ಲಿ ತೀರಿಕೊಂಡರು. ಅಲ್ಲಿವರೆಗೆ ಅಧಿಕೃತವಾಗಿ ರಿಟೈರ್ ಆಗಿರಲೇ ಇಲ್ಲ. ಅವರ ಸೀನಿಯಾರಿಟಿಗೆ ಪ್ರಪಂಚದ ಯಾವ ರೂಟ್ ಬೇಕಾದರೂ ಸಿಗ್ತಿತ್ತು. ಆದರೆ ವಿಶೇಷ ಅಗತ್ಯ ಇರೋ ಮಗ, ರಾತ್ರಿ ಮನೆಗೆ ಬರಬೇಕು ಅಂತ ವಾಷಿಂಗ್ಟನ್–ಬಾಸ್ಟನ್ ಶಟಲ್ ಹಿಡಿದರು. ಸೀನಿಯಾರಿಟಿ ಇರೋದೇ ಅದಕ್ಕೆ, ಶಾಪಿಂಗ್ ಲೇಓವರ್‌ಗಲ್ಲ.

ನನ್ನದು ಕೇಳಿ. ಗ್ರೀನ್ ಕಾರ್ಡ್ ಬಂದ ಮೇಲೆ 37ಕ್ಕೆ ಸೇರಿದೆ. ರಿಸರ್ವ್ ಅಂದರೆ ಫೋನ್ ಕೈಯಲ್ಲಿ ಹಿಡಿದು ಕೂರೋದು. ಬೇಸ್ ಊರು ಬೇರೆ, ಮನೆ ಬೇರೆ. ಕ್ರ್ಯಾಶ್‌ಪ್ಯಾಡಲ್ಲಿ (ಕ್ರೂ ಹಂಚಿಕೊಂಡು ಮಲಗೋ ಬಾಡಿಗೆ ಜಾಗ) ಒಂದು ರೂಮಿಗೆ ಎಂಟು ಬಂಕು, ತಿಂಗಳಿಗೆ 275 ಡಾಲರ್, ಪಾರ್ಕಿಂಗ್ ಬೇರೆ. ಮೊದಲ ವರ್ಷದ ಸಂಬಳದಲ್ಲಿ ಬಾಡಿಗೆ ಕಟ್ಟಿದ ಮೇಲೆ ಅನ್ನ ಸಾರು ಅಷ್ಟೇ. ವಿಮಾನದ ಬಾಗಿಲು ಹಾಕಿದ ಮೇಲೇ ಸಂಬಳದ ಮೀಟರ್ ಓಡ್ತಿತ್ತು, ಬೋರ್ಡಿಂಗ್ ಹೊತ್ತಿಗೆ ಕಾಸಿರಲಿಲ್ಲ. ಅದಕ್ಕೂ ದುಡ್ಡು ಕೊಡೋ ಪದ್ಧತಿಯನ್ನ ದೊಡ್ಡ ಕಂಪನಿಗಳಲ್ಲಿ ಡೆಲ್ಟಾ ಶುರು ಮಾಡಿದ್ದೇ 2022ರಲ್ಲಿ, ಅದೂ ಅರ್ಧ ದರ. ಇನ್ನೊಂದು ಕಂಪನಿಗೆ ಹೋದರೆ ನಿಮ್ಮ ಸೀನಿಯಾರಿಟಿ ನಂಬರ್ ಸೊನ್ನೆ, ಮತ್ತೆ ಸಾಲಿನ ಕೊನೆ. ಹಾಗಾಗಿ ವನಜ ಅವರೇ, ನಂಬರ್ ಬಿಟ್ಟುಕೊಡಬೇಡಿ.

ಇಳಿದವಳು
ಡಲ್ಲಾಸ್ ಮೇಡಂ, ಇಲ್ಲಿ ಎಲ್ಲಿದೆ ಆ ನಂಬರ್? ನಮ್ಮ ರೋಸ್ಟರ್ ಮಾಡೋದು ಸಾಫ್ಟ್‌ವೇರ್, ಅದರ ಮೇಲೆ ಕೂತಿರೋ ಹುಡುಗನ ಮೂಡು. 20 ವರ್ಷದವಳಿಗೂ 20 ದಿನದವಳಿಗೂ ಅದೇ ರೆಡ್‌ಐ, ರಾತ್ರಿಯಿಡೀ ಹಾರೋ ಫ್ಲೈಟು. ಡಾಲರ್ ಎಣಿಸ್ತಾ ಕಾನೂನು ಹೇಳೋದು ಸುಲಭ.

ಡಲ್ಲಾಸ್ ಕನ್ನಡತಿ
ಡಾಲರ್ ಎಣಿಸ್ತಾ ಇಲ್ಲ, ಕ್ರ್ಯಾಶ್‌ಪ್ಯಾಡಲ್ಲಿ ತಿಗಣೆ ಎಣಿಸಿದೀನಿ. ಯೂನಿಯನ್ ಕಟ್ಟಿಕೊಳ್ಳಿ, ಆಮೇಲೆ ಸಾಫ್ಟ್‌ವೇರನ್ನ ಬೈಯಿರಿ.

ಹುಬ್ಬಳ್ಳಿ ಪರ್ಸರ್
ಅಕ್ಕಾರ, ನಡುವ ಬಾಯಿ ಹಾಕ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಇಳಿಯೂದು ಬ್ಯಾರೆ, ಹಾರೂದು ಬ್ಯಾರೆ. ನಡುವ ಒಂದು ನರಕ ಐತಿ, ಗ್ರೌಂಡ್ ಡ್ಯೂಟಿ ಅಂತ. ನಾ 53ಕ್ಕ ಬೆನ್ನಿನ ಎಲ್4-ಎಲ್5 ಡಿಸ್ಕ್ ಜಾರಿ ಮೆಡಿಕಲ್‌ನ್ಯಾಗ ಬಿದ್ದೆ. ಎಮ್‌ಆರ್‌ಐ 9,500, ಎಪಿಡ್ಯೂರಲ್ ಇಂಜೆಕ್ಷನ್ 32,000, ಅದು ಹಿಡಿಲಿಲ್ಲ, ಮತ್ತೊಮ್ಮೆ 32,000. ಫಿಜಿಯೊ ದಿನಕ್ಕ 700. ಕಂಪನಿ ಟೆಂಪರರಿ ಅನ್‌ಫಿಟ್ ಮಾಡಿ ರಜಾ ಎಲ್ಲಾ ತಿಂದು, ಆಮ್ಯಾಗ ಟ್ರೇನಿಂಗ್ ಸೆಂಟರಿನ ಸ್ಟೋರ್‌ನ್ಯಾಗ ಕುಂದ್ರಿಸಿತು. ಹಾರುವಾಗ ಕೈಗೆ 1,34,000 ಬರ್ತಿತ್ತು, ಸ್ಟೋರ್‌ನ್ಯಾಗ 71,000. ಫ್ಲೈಯಿಂಗ್ ಅಲೋಯನ್ಸ್, ಲೇಓವರ್ ರೊಕ್ಕ, ಎಲ್ಲಾ ಹೋತು. ಇಎಂಐ ಮಾತ್ರ ಗ್ರೌಂಡ್ ಆಗ್ಲಿಲ್ಲ ನೋಡ್ರಿ! ಐದು ವರ್ಷ ಲೈಫ್‌ಜಾಕೆಟ್ ಎಣಿಸಿ ರಿಟೈರ್ ಆದೆ. ಆ ಅಲೋಯನ್ಸ್ ಮ್ಯಾಲೆ ಪಿಎಫ್ ಕಟ್ಟಿರೂದಿಲ್ರಿ, ಬೇಸಿಕ್ ಮ್ಯಾಲೆ ಅಷ್ಟೇ. ವನಜಕ್ಕಾರ, ಪೆನ್ಷನ್ ಲೆಕ್ಕ ಈಗ ಹಾಕ್ಕೊಳ್ರಿ: ಪಿಎಫ್ ಪೆನ್ಷನ್‌ಗೆ ಹಿಡಿಯೂ ಸಂಬಳದ ಮಿತಿ 15,000 ಗುಣಿಸು 28 (ನಿಮ್ಮ 26 ವರ್ಷ, ಬೋನಸ್ ಎರಡು), ಭಾಗಿಸು 70. ತಿಂಗಳಿಗೆ 6,000. ಇಷ್ಟ.

ಪಿಎಫ್ ಪಂಡಿತ
ಪರ್ಸರ್ ಸಾರ್, ಆ 6,000 ತಪ್ಪು. 2014 ಸೆಪ್ಟೆಂಬರ್ 1ಕ್ಕೆ ಮುಂಚಿನ ಸರ್ವೀಸಿಗೆ ಸಂಬಳದ ಮಿತಿ 6,500, ಆಮೇಲಿನದ್ದಕ್ಕೆ 15,000. ಎರಡು ತುಂಡು ಮಾಡಿ ಲೆಕ್ಕ ಹಾಕಬೇಕು. 20 ವರ್ಷ ದಾಟಿದ್ದಕ್ಕೆ ಎರಡು ವರ್ಷ ಬೋನಸ್ ಸೇರಿಸಿದರೂ ಇವರಿಗೆ ಇವತ್ತಿನ ಲೆಕ್ಕದಲ್ಲಿ 4,000ದ ಆಸುಪಾಸು. ಅದೂ 58ಕ್ಕೆ. 50ರಿಂದಲೇ ತಗೋತೀನಿ ಅಂದರೆ ವರ್ಷಕ್ಕೆ ಶೇ. 4 ಕಡಿತ.

ಹುಬ್ಬಳ್ಳಿ ಪರ್ಸರ್
ಪಂಡಿತ್ರ, ನನಗ ಬರೂ ಪೆನ್ಷನ್ ನನಗ ಗೊತ್ತಿಲ್ಲೇನ್ರಿ? ಪಾಸ್‌ಬುಕ್ ಮುಂದ ಇಟ್ಕೊಂಡ ಬರ್ಯಾಕತ್ತೀನಿ.

ಪಿಎಫ್ ಪಂಡಿತ
ನೀವು ಸುಪ್ರೀಂ ಕೋರ್ಟಿನ 2022ರ ನವೆಂಬರ್ ತೀರ್ಪಿನ ನಂತರ ಹೈಯರ್ ಪೆನ್ಷನ್‌ಗೆ (ಮಿತಿ ಬಿಟ್ಟು ನಿಜವಾದ ಸಂಬಳದ ಮೇಲೆ) ಜಾಯಿಂಟ್ ಆಪ್ಷನ್, ಅಂದರೆ ನೀವೂ ಕಂಪನಿಯೂ ಸೇರಿ ಕೊಡೋ ಅರ್ಜಿ, ಕೊಟ್ಟಿದ್ದರೆ ನಿಮ್ಮ ಲೆಕ್ಕವೇ ಬೇರೆ. ಕೊಟ್ಟಿದ್ದರಾ?

ಹುಬ್ಬಳ್ಳಿ ಪರ್ಸರ್
ಕೊಟ್ಟಿದ್ದೆ. ಹಳೇ ಕಂಪನಿ ದಾಖಲೆ ಇಲ್ಲ ಅಂತ ಒಪ್ಪಲಿಲ್ಲ. ಆ ಗಾಯಕ್ಕ ಉಪ್ಪ ಹಾಕಬ್ಯಾಡ್ರಿ.

ಜೂನಿಯರ್ ಮೋಸ್ಟ್
ನೋಡಿ, ಇದನ್ನೇ ನಾನು ಹೇಳಿದ್ದು. ಡಿಸ್ಕ್ ಜಾರೋವರೆಗೆ ಯಾಕೆ ಹಾರಬೇಕು?

ಹುಬ್ಬಳ್ಳಿ ಪರ್ಸರ್
ತಂಗೀ, ನನ್ನ ಡಿಸ್ಕ್ ಜಾರಿದ್ದು ವಯಸ್ಸಿಗಲ್ಲ. 24ರ ಪ್ಯಾಸೆಂಜರೊಬ್ಬ 18 ಕೆಜಿ ಬ್ಯಾಗ್ ಎತ್ತಿಡ್ರಿ ಅಂತ ನಿಂತಿದ್ದ, ಅದನ್ನ ಸೀಟಿನ ಮ್ಯಾಲಿನ ಬಿನ್ನಿಗೆ ಎತ್ತೂವಾಗ. ನಿನ್ನ ಬೆನ್ನೂ ಸ್ಟೀಲಿಂದೇನಲ್ಲ.

ಕುಡ್ಲದ ಗಲ್ಫ್ ರಿಟರ್ನ್
ನೀವೆಲ್ಲ 50, 58 ಅಂತ ಜಗಳ ಮಾಡ್ತಾ ಇದ್ದೀರಿ ಮಾರಾಯ್ರೆ, ನನ್ನನ್ನು 34ಕ್ಕೇ ಮನೆಗೆ ಕಳಿಸಿದ್ದಾರೆ. ಕಾಂಟ್ರಾಕ್ಟ್ ರಿನ್ಯೂ ಇಲ್ಲ ಅಂತ ಒಂದು ಈಮೇಲ್, ಅಷ್ಟೇ. ಕಾರಣ ಕೇಳಿದ್ದಕ್ಕೆ ಉತ್ತರ ಇಲ್ಲ. ಕಂಪನಿ ಕೊಟ್ಟ ಫ್ಲಾಟ್ ತಿಂಗಳೊಳಗೆ ಖಾಲಿ ಮಾಡಬೇಕಿತ್ತು, ಕಾರ್ಗೋದಲ್ಲಿ ಸಾಮಾನು ಕಳಿಸಲಿಕ್ಕೇ 68,000 ಆಯ್ತು, ಮಿಕ್ಸಿ ಒಡೆದು ಬಂತು. ಪಿಎಫ್ ಇಲ್ಲ, ಪೆನ್ಷನ್ ಇಲ್ಲ, ಎಂಡ್ ಆಫ್ ಸರ್ವೀಸ್ ದುಡ್ಡು ಒಂದು ಗಂಟು, ಅದು ಅಣ್ಣನ ಮನೆ ರಿಪೇರಿಗೆ ಹೋಯ್ತು. ಈಗ ಮಂಗಳೂರಲ್ಲಿ ಆಸ್ಪತ್ರೆಯೊಂದರ ಫ್ರಂಟ್ ಆಫೀಸ್, 26,000. ಕಡ್ಡಾಯ ರಿಟೈರ್‌ಮೆಂಟ್ ಬೇಕು ಅಂತ ಹೇಳುವ ಹುಡುಗಿ ಒಂದು ಸಲ ನನ್ನ ಹತ್ರ ಮಾತಾಡಲಿ. ಇವತ್ತು 50 ಅಂತ ಗೆರೆ ಎಳೆದವನು ನಾಳೆ 40ಕ್ಕೆ ಎಳೆಯುವುದಿಲ್ವಾ?

ಜೂನಿಯರ್ ಮೋಸ್ಟ್
ನಾನೂ ಕಾಂಟ್ರಾಕ್ಟೇ ಅಕ್ಕ. ಮೂರು ವರ್ಷದ್ದು. ನನಗೆ 58ರ ಕನಸೇ ಇಲ್ಲ. ಅದಕ್ಕೇ ಹೊಟ್ಟೆ ಉರಿಯೋದು. ಪರ್ಮನೆಂಟ್ ಇದ್ದವರು 58ರವರೆಗೆ ಕೂತ ಸೀಟಿನ ಪಕ್ಕದಲ್ಲಿ ನಾವು ಪ್ರತಿ ಮೂರು ವರ್ಷಕ್ಕೆ ತೂಕ, ಫೋಟೊ, ಇಂಟರ್‌ವ್ಯೂ ಕೊಡಬೇಕು.

ಜಂಪ್‌ಸೀಟ್ ಜಾನಕಿ
ಹಾಗಾದರೆ ಜಗಳ ಆಡಬೇಕಾದ್ದು ಕಾಂಟ್ರಾಕ್ಟ್ ಬರೆದವರ ಹತ್ತಿರ. 50ಕ್ಕೆ ನಾವೆಲ್ಲ ಇಳಿದರೆ ಆ ಸೀಟಿಗೆ ಪರ್ಮನೆಂಟ್ ಆರ್ಡರ್ ಬರುತ್ತೆ ಅಂದುಕೊಂಡಿದೀಯಾ? ಇನ್ನೊಂದು ಮೂರು ವರ್ಷದ ಕಾಗದ ಬರುತ್ತೆ ಅಷ್ಟೇ.

ಜೂನಿಯರ್ ಮೋಸ್ಟ್
ಬರಲಿ ಬಿಡಿ, ಅದರಲ್ಲಾದರೂ ಲಂಡನ್ ಬರುತ್ತೆ.

ವಿಂಡೋಸೀಟ್ ವನಜ
ಎಲ್ಲರಿಗೂ ಥ್ಯಾಂಕ್ಸ್. ಮೊಣಕಾಲಿನ ವಿಷಯ: ಈಗಲೇ ಕಂಪನಿ ಡಾಕ್ಟರಿಗೆ ತೋರಿಸಿದರೆ ದಾಖಲೆ ಆಗಿಬಿಡುತ್ತಾ?

ಇಳಿದವಳು
ಹೊರಗೆ ತೋರಿಸಿ, ಕ್ಯಾಶ್ ಕೊಡಿ.

ಜಂಪ್‌ಸೀಟ್ ಜಾನಕಿ
ಛೆ, ಇದೇನು ಸಲಹೆ? ಮುಚ್ಚಿಟ್ಟು ಹಾರೋದು ಅಂದರೆ ಎಮರ್ಜೆನ್ಸಿ ಬಾಗಿಲ ಹತ್ತಿರ ಕಾಲು ಕೈಕೊಟ್ಟರೆ ಯಾರು ಜವಾಬ್ದಾರಿ? 90 ಸೆಕೆಂಡಲ್ಲಿ ವಿಮಾನ ಖಾಲಿ ಮಾಡಿಸೋ ಕೆಲಸ ಇದು. ವಯಸ್ಸಿನ ಮಿತಿ ಬೇಡ ಅಂತ ನಾನು ವಾದ ಮಾಡೋದೇ ಫಿಟ್‌ನೆಸ್ ನೋಡಿ ಅಂತ. ಅದನ್ನೂ ತಪ್ಪಿಸೋದಾದರೆ ಆ ಹುಡುಗಿ ಹೇಳಿದ್ದೇ ಸರಿಯಾಗಿಬಿಡುತ್ತೆ.

ಇಳಿದವಳು
ಮೊಣಕಾಲು ನೋವಿಗೂ ಮುಚ್ಚಿಡೋದಕ್ಕೂ ಏನು ಸಂಬಂಧ? ಮೊದಲು ಏನು ಅಂತ ಗೊತ್ತಾಗಲಿ. 58 ಮುಗಿಸಿದ್ದೀನಿ ಅಂತ ಎಲ್ಲರಿಗೂ ಬ್ರೀಫಿಂಗ್ ಕೊಡಬೇಡಿ.

ಹುಬ್ಬಳ್ಳಿ ಪರ್ಸರ್
ವನಜಕ್ಕಾರ, ಇವರು ಬಡಿದಾಡ್ಲಿ ಬಿಡ್ರಿ. ಸಹಿ ಹಾಕ್ರಿ, ಬಿಡ್ರಿ, ಅದು ನಿಮ್ಮ ಮನಿ ವಿಚಾರ. ಆದ್ರ ಇವತ್ತ ರಾತ್ರಿನ ಪೋರ್ಟಲ್ ತಗದು ಎಲ್ಲಾ ಪೇಸ್ಲಿಪ್, ಫಾರ್ಮ್ 16, ಇನ್ಶೂರೆನ್ಸ್ ಪಾಲಿಸಿ ಕಾಪಿ ಇಳಿಸಿ ನಿಮ್ಮ ಸ್ವಂತ ಮೇಲ್‌ಗೆ ಹಾಕ್ಕೊಳ್ರಿ. ಕಡೇ ವರ್ಕಿಂಗ್ ಡೇ ಸಂಜೀಕ ಐಡಿ ಬಂದ್ ಮಾಡ್ತಾರ. ಆಮ್ಯಾಗ ಒಂದು ಕಾಗದಕ್ಕ ಗುರುಗ್ರಾಮದ ಆಫೀಸಿಗೆ ಮೇಲ್ ಬರದು ಬರದು ಸಾಕಾಗ್ತದ. ಗ್ರೂಪ್ ಇನ್ಶೂರೆನ್ಸೂ ಅವತ್ತ ಮುಗಿತೈತಿ, ಅತ್ತಿಯವರ ಹೆಸರು ಅದರಾಗ ಇದ್ರ ಮೊದಲ ಬ್ಯಾರೆ ಪಾಲಿಸಿ ಮಾಡಸ್ರಿ. 70 ದಾಟಿದವರಿಗೆ ಪ್ರೀಮಿಯಂ ಕೇಳಿದ್ರ ನಿಮ್ಮ ಮೊಣಕಾಲ ನೋವ ಮರ್ತ ಹೋಗ್ತದ.

ಪಿಎಫ್ ಪಂಡಿತ
ಗ್ರೂಪ್ ಪಾಲಿಸಿಯಿಂದ ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಮೈಗ್ರೇಟ್ ಆಗಬಹುದು, ಈಗಾಗಲೇ ಕಳೆದ ವೇಟಿಂಗ್ ಪೀರಿಯಡ್‌ಗೆ ಕ್ರೆಡಿಟ್ ಸಿಗುತ್ತೆ. ಕವರ್ ಮುಗಿಯೋ ಮುಂಚೆಯೇ ಅರ್ಜಿ ಹಾಕಬೇಕು. ಪರ್ಸರ್ ಸಾರ್ ಅರ್ಧ ಮಾತ್ರ ಹೇಳಿದರು.

ಹುಬ್ಬಳ್ಳಿ ಪರ್ಸರ್
ಉಳಿದರ್ಧ ನೀವು ಇದ್ದೀರಲ್ರಿ.